ಹದಿನೈದು ದಾಟಿದ ಕಾರು: ರೋಗ ಪತ್ತೆ ಮಾಡಿ ರಿಪೇರಿಗೆ ಕೈಹಾಕುವ ಬಗೆ

ನಮ್ಮ ಮನೆಯ ಮಾರುತಿ 800 2004ರದ್ದು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ನಾಲ್ಕು ಗೇರು, ರಸ್ತೆಯ ಒಂದೊಂದು ಕಲ್ಲನ್ನೂ ಕೈಗೆ ಮುಟ್ಟಿಸುವ ಸ್ಟೇರಿಂಗ್. ಕಂಪನಿ ಈ ಕಾರಿನ ತಯಾರಿಕೆಯನ್ನು 2014ರ ಜನವರಿಯಲ್ಲೇ ನಿಲ್ಲಿಸಿದೆ. ಆದರೂ ಮಲೆನಾಡಿನ ತೋಟದ ದಾರಿಗಳಲ್ಲಿ ಇವತ್ತಿಗೂ ಇವು ಅಡಿಕೆ ಮೂಟೆ ಹೊತ್ತು ಓಡಾಡುತ್ತಿವೆ.

ಕೆಲವು ವರ್ಷಗಳ ಹಿಂದೆ ಸೋಮೇಶ್ವರದ ಕಡೆಯಿಂದ ಆಗುಂಬೆ ಘಾಟಿ ಹತ್ತುತ್ತಿದ್ದಾಗ, ಹದಿನಾಲ್ಕು ತಿರುವುಗಳಲ್ಲಿ ಒಂಬತ್ತನೆಯದರ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ರೇಡಿಯೇಟರ್ ಕತ್ತಿನ ಸುತ್ತ ಹಬೆ. ಮುಂದಿನ ಎರಡು ತಿಂಗಳಲ್ಲಿ ಒಂದು ಗ್ಯಾರೇಜಿನವರು ರೇಡಿಯೇಟರ್ ಬಿಚ್ಚಿ ತೊಳೆದರು, ವಾಟರ್ ಪಂಪ್ ಹೊಸದು ಹಾಕಿದರು, ಮೂರನೇ ಸಲ "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು" ಅಂದರು. (ಎಂಜಿನ್ನಿನ ಮೇಲ್ಭಾಗವೇ ಹೆಡ್, ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲೇ ಗ್ಯಾಸ್ಕೆಟ್.) ಇಳಿಸುವ ಮೊದಲು ಇನ್ನೊಬ್ಬ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ತಣ್ಣಗಾಗಿದ್ದ ರೇಡಿಯೇಟರಿನ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ರಬ್ಬರಿನ ಮೇಲೆ ಉಗುರು ಎಳೆದು ತೋರಿಸಿದರು. ರಬ್ಬರು ಗದ್ದೆಯ ಬೇಸಿಗೆಯ ಮಣ್ಣಿನ ಹಾಗೆ ಬಿರಿದಿತ್ತು. ಹೊಸ ಮುಚ್ಚಳ ಹಾಕಿದ ಮೇಲೆ ಅದೇ ಘಾಟಿಯನ್ನು ಎಷ್ಟೋ ಸಲ ಹತ್ತಿದ್ದೇನೆ, ಮುಳ್ಳು ಅರ್ಧ ದಾಟಿಲ್ಲ.

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ: ಪರೀಕ್ಷೆ ಮೊದಲು, ಪಾರ್ಟ್ ಆಮೇಲೆ. ಹಳೇ ಕಾರಿನ ಕಾಯಿಲೆಗಳಲ್ಲಿ ಬಹುಪಾಲು ಬರುವುದು ಒಣಗಿದ ರಬ್ಬರು, ತುಕ್ಕು ಹಿಡಿದ ಕನೆಕ್ಷನ್, ಸಡಿಲಾದ ಬೋಲ್ಟು ಇವುಗಳಿಂದ. ಕೆಳಗೆ ಬರೆದಿರುವುದೆಲ್ಲ ಮನೆಯ ಅಂಗಳದಲ್ಲೇ ಮಾಡಬಹುದಾದ ಪರೀಕ್ಷೆಗಳು. ಉದಾಹರಣೆ ನಮ್ಮ 800ರದ್ದೇ ಆದರೂ ಹಳೇ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ ಪೆಟ್ರೋಲ್ ಎಲ್ಲಕ್ಕೂ ಇವು ಹೊಂದುತ್ತವೆ.

ಕೈಹಾಕುವ ಮೊದಲು

ಒಂದು ಡಿಜಿಟಲ್ ಮಲ್ಟಿಮೀಟರ್, 8ರಿಂದ 19ರವರೆಗಿನ ಸ್ಪ್ಯಾನರ್ ಸೆಟ್, ಪ್ಲಗ್ ಪಾನ, ಸ್ಕ್ರೂಡ್ರೈವರ್, ಟಾರ್ಚ್, ಉಪ್ಪುಕಾಗದ, ಹಳೇ ಬನಿಯನ್ ಬಟ್ಟೆ. ಇಷ್ಟಿದ್ದರೆ ಮುಕ್ಕಾಲು ಪಾಲು ಪತ್ತೆಕಾರ್ಯ ಮುಗಿಯುತ್ತದೆ. 2013ರ ನಂತರದ ಕಾರಾದರೆ ಸ್ಟೇರಿಂಗ್ ಕೆಳಗೆ ಎಂಜಿನ್ ಕಂಪ್ಯೂಟರಿನ ದೋಷ ಓದುವ ಓಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ ಮೊಬೈಲಿನಲ್ಲಿ ನೋಡುವ ಸ್ಕ್ಯಾನರ್ ಕೂಡ ಇಟ್ಟುಕೊಳ್ಳಿ.

ಸುರಕ್ಷತೆಯ ಮಾತು ಮೂರೇ, ಮೂರೂ ಜೀವದ ಪ್ರಶ್ನೆ. ಕಾರಿನ ಜೊತೆ ಬಂದ ಜಾಕ್ ಇರುವುದು ಟೈರ್ ಬದಲಿಸಲು. ಅದೊಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಎದುರು ಚಕ್ರಕ್ಕೆ ಕಲ್ಲು ಇಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಒಳಗಿನ ನೀರು ಒತ್ತಡ ಬಿಟ್ಟ ಕೂಡಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ಕೇಬಲ್ ಬಿಚ್ಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರಿ, ಬ್ಯಾಟರಿಯಿಂದ ಬರುವ ಗ್ಯಾಸಿಗೆ ಬೆಂಕಿ ತಗಲಬಹುದು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ರೋಗದ ವಿವರ ಬರೆಯಿರಿ. ತಣ್ಣಗಿದ್ದಾಗ ಬರುತ್ತದೋ, ಬಿಸಿಯಾದ ಮೇಲೋ? ಸದ್ದು ಗಾಡಿಯ ವೇಗದ ಜೊತೆ ಏರುತ್ತದೋ, ನಿಂತಲ್ಲೇ ರೇಸ್ ಮಾಡಿದರೂ ಏರುತ್ತದೋ? ಶುರುವಾಗುವ ಮೊದಲು ಗಾಡಿಗೆ ಏನು ಕೆಲಸ ಮಾಡಿಸಿದ್ದಿರಿ? ಕೊನೆಯ ಪ್ರಶ್ನೆ ತುಂಬ ಮುಖ್ಯ. ಸರ್ವಿಸ್ ಆದ ಮರುದಿನವೇ ಬಂದ ತೊಂದರೆಗೆ ಎಷ್ಟೋ ಸಲ ಸರ್ವಿಸ್‌ನಲ್ಲಿ ಹಾಕಲು ಮರೆತ ಕನೆಕ್ಟರೋ ಕ್ಲಿಪ್ಪೋ ಕಾರಣವಾಗಿರುತ್ತದೆ.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ

ಕೀ ತಿರುಗಿಸಿದಾಗ ಕೇಳುವ ಸದ್ದೇ ಅರ್ಧ ಉತ್ತರ. ಬರೀ "ಟಿಕ್ ಟಿಕ್ ಟಿಕ್" ಅಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ ಸಲ "ಟಕ್" ಅಂದು ಸುಮ್ಮನಾದರೆ ಸೆಲ್ಫ್ ಮೋಟರಿನ ಸೊಲೆನಾಯ್ಡ್ ಅಥವಾ ಕಾರ್ಬನ್ ಬ್ರಶ್ ಮೇಲೆ ಅನುಮಾನ. ಸೆಲ್ಫ್ ಜೋರಾಗಿಯೇ ತಿರುಗುತ್ತಿದೆ, ಎಂಜಿನ್ ಮಾತ್ರ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿ ಬಿಟ್ಟುಬಿಡಿ, ಪ್ಲಗ್ಗಿಗೆ ಕರೆಂಟು ಅಥವಾ ಎಂಜಿನ್ನಿಗೆ ಪೆಟ್ರೋಲು ಬರುತ್ತಿಲ್ಲ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಪರೀಕ್ಷೆ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ತುಂಬಿದ ಬ್ಯಾಟರಿ ಆಗಲೂ 9.6ಕ್ಕಿಂತ ಕೆಳಗೆ ಬೀಳಬಾರದು, ಬಿದ್ದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ತೋರಿಸಬೇಕು. ಹೆಡ್‌ಲೈಟ್ ಹಾಕಿದಾಗ 13.2ಕ್ಕಿಂತ ಕೆಳಗಿಳಿದರೆ ಡೈನಮೋ ಕಡೆ ನೋಡಿ: ಮೊದಲು ಬೆಲ್ಟ್ ಬಿಗಿಯಿದೆಯೇ, ಆಮೇಲೆ ಬ್ರಶ್, ಆಮೇಲೆ ಡಯೋಡ್. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಹಾಗೇ ಓಡಿಸಿದರೆ ಬ್ಯಾಟರಿ ಬೇಯುತ್ತದೆ.

ಇಲ್ಲಿ ಹೆಚ್ಚಿನವರು ಮಾಡದೆ ಬಿಡುವ ಪರೀಕ್ಷೆ ಒಂದಿದೆ: ಅರ್ಥಿಂಗ್. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ದಪ್ಪ ತಂತಿಯೋ ಹೆಣೆದ ಪಟ್ಟಿಯೋ ಇರುತ್ತದೆ. ಇಪ್ಪತ್ತು ವರ್ಷದ ಮಳೆಗೆ ಅದರ ಬುಡದಲ್ಲಿ ತುಕ್ಕು ಹಿಡಿದಿರುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಜಾಗಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥಿಂಗ್ ಸರಿಯಿಲ್ಲ. ಬೋಲ್ಟ್ ಬಿಚ್ಚಿ, ಎರಡೂ ಮುಖವನ್ನು ಲೋಹ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದರೆ ಬೇರೆ ದೀಪ ಮಿಣುಕುವುದು, ಮೀಟರ್ ಮುಳ್ಳುಗಳು ಸುಮ್ಮನೆ ಕುಣಿಯುವುದು ಮುಂತಾದ ಎಷ್ಟೋ ವಿಚಿತ್ರ ತೊಂದರೆಗಳು ಈ ಹತ್ತು ನಿಮಿಷದ ಕೆಲಸಕ್ಕೆ ಹೋಗುತ್ತವೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹಾಕಿ ಹಳೇ ಟೂತ್‌ಬ್ರಶ್‌ನಿಂದ ತಿಕ್ಕಿ.

ಬ್ಯಾಟರಿ ಹೊಸದು, ಚಾರ್ಜಿಂಗ್ ಸರಿ, ಆದರೂ ಎರಡು ದಿನ ನಿಂತರೆ ಇಳಿಯುತ್ತದೆ ಅಂದರೆ ಎಲ್ಲೋ ಕರೆಂಟು ಸೋರುತ್ತಿದೆ. ಎಲ್ಲ ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಜೋಡಿಸಿ. ಈ ಹೊತ್ತಿನಲ್ಲಿ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. ಕೆಲವು ನಿಮಿಷ ಬಿಟ್ಟು ನೋಡಿದಾಗ 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಓದು ಇಳಿಯುತ್ತದೋ ಆ ಲೈನಿನಲ್ಲಿ ಕಳ್ಳನಿದ್ದಾನೆ. ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ ಅಥವಾ ಅಲಾರಂನಿಂದಲೇ ಹುಡುಕಲು ಶುರುಮಾಡಿ.

ಮಿಸ್ಸಿಂಗ್, ಪಿಕಪ್ ಇಲ್ಲ, ಮೈಲೇಜ್ ಇಳಿದಿದೆ

ಎಂಜಿನ್ನಿಗೆ ಬೇಕಾದದ್ದು ಗಾಳಿ, ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ. ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಹೊತ್ತಿಕೊಳ್ಳದೆ ಎಂಜಿನ್ ತಡವರಿಸುವುದು, ಇದ್ದರೆ ಮೊದಲು ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯಬೇಕು. ಎಂಪಿಎಫ್‌ಐ (ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ) ಗಾಡಿಯಲ್ಲಿ ಎಂಜಿನ್ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿರುವಾಗ ಇಂಜೆಕ್ಟರಿನ ಕನೆಕ್ಟರುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಹಾಕಿ. ಕೆಲಸ ಮಾಡುತ್ತಿರುವ ಸಿಲಿಂಡರಿನದ್ದು ತೆಗೆದರೆ ಎಂಜಿನ್ ಮುಗ್ಗರಿಸುತ್ತದೆ. ಯಾವುದನ್ನು ತೆಗೆದಾಗ ವ್ಯತ್ಯಾಸವೇ ಇಲ್ಲವೋ ಅದೇ ರೋಗಿ. ಮೂರು ಸಿಲಿಂಡರಿನ 800ರಲ್ಲಿ ಇದು ತಕ್ಷಣ ತಿಳಿಯುತ್ತದೆ, ಒಂದು ನಿಂತರೆ ಇಡೀ ಗಾಡಿ ನಡುಗುತ್ತದೆ.

ಆ ಸಿಲಿಂಡರಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಒಳಗೆ ಎಲ್ಲ ಸರಿ. ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಅಥವಾ ಕಿಡಿ ಸಾಲದು. ಕರಿ, ಜಿಡ್ಡು, ಹಸಿ ಇದ್ದರೆ ಆಯಿಲ್ ಒಳಗೆ ಇಳಿಯುತ್ತಿದೆ. ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಿಮೆ ಬಂದು ಎಂಜಿನ್ ಅತಿಯಾಗಿ ಕಾಯುತ್ತಿದೆ. ಈಗ ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ, ಪಕ್ಕದ್ದನ್ನು ಇದಕ್ಕೆ ಹಾಕಿ ಓಡಿಸಿ. ಮಿಸ್ಸಿಂಗ್ ಪ್ಲಗ್ ಜೊತೆಗೇ ಹೋದರೆ ಪ್ಲಗ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ ವೈರು, ಕಾಯಿಲ್, ಇಂಜೆಕ್ಟರ್ ಕಡೆ ಹೋಗಿ. ಈ ಅದಲುಬದಲು ವಿದ್ಯೆಗೆ ಒಂದು ಪೈಸೆ ಖರ್ಚಿಲ್ಲ, ಇದನ್ನು ಕಾಯಿಲ್‌ಗೂ ಇಂಜೆಕ್ಟರಿಗೂ ಬಳಸಬಹುದು.

ಮಳೆಗಾಲದಲ್ಲಿ ಮಾತ್ರ ಮಿಸ್ಸಿಂಗ್ ಬರುತ್ತದೆ ಅಂದರೆ ಪ್ಲಗ್ ವೈರಿನ ಹೊದಿಕೆ ಬಿರಿದಿದೆ. ರಾತ್ರಿ ದೀಪ ಆರಿಸಿ, ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನನ್ನು ಕೈಯಿಡದೆ ನೋಡಿ. ವೈರಿನಿಂದ ಲೋಹಕ್ಕೆ ನೀಲಿ ಕಿಡಿ ನೆಗೆಯುವುದು ಕಣ್ಣಿಗೇ ಕಾಣುತ್ತದೆ. ಎಲ್ಲ ವೈರುಗಳನ್ನೂ ಒಟ್ಟಿಗೇ ಬದಲಿಸಿ.

ಪೆಟ್ರೋಲಿನ ಕಡೆ: ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಮೂರು ಸೆಕೆಂಡ್ "ಗುಂಯ್" ಎಂಬ ಸದ್ದು ಬರಬೇಕು, ಅದು ಪಂಪು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ ನೋಡಿದ ಮೇಲೆಯೇ ಪಂಪಿಗೆ ಕೈಹಾಕಿ. ಸದ್ದಿದ್ದೂ ಏರಿನಲ್ಲಿ ಗಾಡಿ ಸೊರಗಿದರೆ ಫಿಲ್ಟರ್ ಕಟ್ಟಿರಬಹುದು. ಕಾರ್ಬುರೇಟರ್ ಗಾಡಿಯಾದರೆ ಐಡಲ್ ಜೆಟ್‌ನಲ್ಲಿ ಕಸ ಸಿಕ್ಕುವುದು ಸಾಮಾನ್ಯ. ಅದನ್ನು ಗಾಳಿಯಲ್ಲಿ ಊದಿಸಿ, ತಂತಿ ಚುಚ್ಚಿ ತೂತು ದೊಡ್ಡದು ಮಾಡಬೇಡಿ. ಇನ್ನೊಂದು ವಿಷಯ: ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. ಹಳೇ ಕಾರಿನ ರಬ್ಬರ್ ಪೈಪು, ಓ ರಿಂಗುಗಳು ಇದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ಪೈಪನ್ನು ಎಲ್ಲ ಕಡೆ ಬಗ್ಗಿಸಿ ನೋಡಿ. ಬಿರುಕು, ಮೆತ್ತಗಾಗಿರುವುದು, ವಾಸನೆ, ಯಾವುದೊಂದು ಕಂಡರೂ ಅದೇ ದಿನ ಬದಲಿಸಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರು ಉಳಿಯುವುದಿಲ್ಲ. ಎಥೆನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಹಳೇ ಪೆಟ್ರೋಲ್ ಇಟ್ಟುಕೊಳ್ಳಬೇಡಿ.

ಗಾಳಿಯ ಕಡೆ: ಏರ್ ಫಿಲ್ಟರನ್ನು ಸೂರ್ಯನಿಗೆ ಹಿಡಿದರೆ ಬೆಳಕು ಕಾಣಬೇಕು. ಐಡಲ್ ಏರಿಳಿಯುತ್ತಿದ್ದರೆ ಇನ್‌ಟೇಕ್‌ಗೆ ಹೋಗುವ ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ. ಒಂದನ್ನು ಹಿಸುಕಿದಾಗ ಐಡಲ್ ಸ್ಥಿರವಾದರೆ ಆ ದಾರಿಯಲ್ಲೇ ಗಾಳಿ ಸೋರುತ್ತಿದೆ. ಪೈಪು ಎಲ್ಲ ಸರಿಯಿದ್ದರೆ ಥ್ರಾಟಲ್ ಬಾಡಿಯ ಕರಿ ಜಿಡ್ಡನ್ನು ಕ್ಲೀನರ್ ಹಾಕಿ ಒರೆಸಿ.

ಚೆಕ್ ಎಂಜಿನ್ ದೀಪ ಹತ್ತಿದ್ದರೆ ಸ್ಕ್ಯಾನರ್ ಕೋಡ್ ಕೊಡುತ್ತದೆ. ಪಿ 0301 ಅಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ 0171 ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಕಡಿಮೆ. ಕೋಡ್ ಹೇಳುವುದು ನೋವು ಎಲ್ಲಿದೆ ಎಂದಷ್ಟೆ. ಪಿ 0171 ಬಂತೆಂದು ಆಕ್ಸಿಜನ್ ಸೆನ್ಸರ್ ಕೊಂಡುಬಿಟ್ಟರೆ, ಬಿರಿದ ಗಾಳಿಯ ಪೈಪು ಹಾಗೇ ಉಳಿದು ಮೂರನೇ ದಿನ ದೀಪ ಮತ್ತೆ ಹತ್ತುತ್ತದೆ.

ಎಂಜಿನ್ ಕಾಯುವುದು

ಇದರ ಬಗ್ಗೆ ವಿವರವಾಗಿ ಬರೆಯಲೇಬೇಕು. ಹಳೇ ಕಾರನ್ನು ಗುಜರಿಗೆ ಕಳಿಸುವ ಕಾಯಿಲೆ ಇದೇ. ಒಂದೇ ಒಂದು ಸಲ ಪೂರ್ತಿ ಕಾಯಿಸಿ ಓಡಿಸಿದರೂ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು.

ಮುಳ್ಳು ಏರುತ್ತಿದ್ದರೆ ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಒಳಗೆ ಸೆಕೆಯಾಗುತ್ತದೆ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಹೊರಗೆ ಎಳೆಯುತ್ತದೆ. ಕೆಂಪು ಮುಟ್ಟಿತೆಂದರೆ ನಿಲ್ಲಿಸಿ, ಎಂಜಿನ್ ಆರಿಸಿ, ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಕಾರಣ ಹುಡುಕುವಾಗ ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಿ.

ಮೊದಲು ಮುಚ್ಚಳ. ರೇಡಿಯೇಟರ್ ಒಳಗೆ ಸುಮಾರು 0.9 ಬಾರ್ ಒತ್ತಡ ನಿಲ್ಲುವ ಹಾಗೆ ಈ ಮುಚ್ಚಳದ ಸ್ಪ್ರಿಂಗ್ ಇರುತ್ತದೆ. ಆ ಒತ್ತಡದಲ್ಲಿ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯುವುದಿಲ್ಲ. ರಬ್ಬರು ಬಿರಿದರೆ ಒತ್ತಡ ನಿಲ್ಲುವುದಿಲ್ಲ. ಆಗ ನೀರು 100ಕ್ಕೇ ಕುದಿಯುತ್ತದೆ, ಆಗುಂಬೆಯಷ್ಟು ಎತ್ತರದಲ್ಲಿ 98ಕ್ಕೇ. ಊರಲ್ಲಿ ಸುಮ್ಮನಿದ್ದ ನಮ್ಮ ಗಾಡಿ ಘಾಟಿಯಲ್ಲಿ ಮಾತ್ರ ಕುದಿಯುತ್ತಿದ್ದುದು ಇದಕ್ಕೇ. ಹೊಸ ಮುಚ್ಚಳ ಕೊಳ್ಳುವಾಗ ಮೇಲೆ ಬರೆದ ಸಂಖ್ಯೆ ಹಳೆಯದರಲ್ಲಿ ಇದ್ದದ್ದೇ ಆಗಿರಬೇಕು.

ಎರಡನೆಯದು ಫ್ಯಾನ್. ನಿಂತಲ್ಲೇ ಎಂಜಿನ್ ಓಡಿಸಿ, ಮುಳ್ಳು ಅರ್ಧದ ಹತ್ತಿರ ಬಂದಾಗ ಫ್ಯಾನ್ ತಾನಾಗಿ ತಿರುಗಿ, ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ತಿರುಗದಿದ್ದರೆ ಎಂಜಿನ್ ಆರಿಸಿ, ಫ್ಯಾನಿನ ಕನೆಕ್ಟರ್ ಕಿತ್ತು ಬ್ಯಾಟರಿಯಿಂದ ನೇರ ತಂತಿ ಕೊಡಿ. ಆಗ ತಿರುಗಿದರೆ ಮೋಟರ್ ಸರಿಯಿದೆ, ತೊಂದರೆ ಫ್ಯೂಸ್, ರಿಲೇ ಅಥವಾ ಸೆನ್ಸರಿನದ್ದು. ಕನೆಕ್ಟರಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಪಿನ್ ಹಸಿರು ಹಿಡಿದಿದ್ದರೆ ಉಜ್ಜಿದರೆ ಸಾಕು. ಪೇಟೆಯ ಟ್ರಾಫಿಕ್ಕಿನಲ್ಲಿ ಕಾಯ್ದು ಹೆದ್ದಾರಿಯಲ್ಲಿ ತಣ್ಣಗಿದ್ದರೆ ಫ್ಯಾನಿನ ಮೇಲೇ ಅನುಮಾನ. ಹೆದ್ದಾರಿಯಲ್ಲೇ ಕಾಯುತ್ತದೆ ಅಂದರೆ ರೇಡಿಯೇಟರ್ ಕಟ್ಟಿದೆ ಅಥವಾ ನೀರಿನ ಹರಿವು ಕಡಿಮೆ.

ಮೂರನೆಯದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪು ಮುಟ್ಟುತ್ತಿರಿ. ಕೆಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು. ಮುಳ್ಳು ಮೇಲಿದ್ದೂ ಪೈಪು ತಣ್ಣಗೇ ಇದ್ದರೆ ಅದು ಸಿಕ್ಕಿಕೊಂಡಿದೆ. ಬಿಚ್ಚಿ ಹಳೇ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ, 80ರಿಂದ 90 ಡಿಗ್ರಿ ನಡುವೆ, ನಡುವಿನ ತಟ್ಟೆ ಮೆಲ್ಲಗೆ ಎದ್ದು ಬಾಯಿ ಬಿಡುವುದನ್ನು ಕಣ್ಣಾರೆ ನೋಡಬಹುದು. ಒಲೆಯಿಂದ ಇಳಿಸಿದರೆ ಮತ್ತೆ ಮುಚ್ಚಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಮೆಕ್ಯಾನಿಕ್‌ಗಳು "ನಮ್ಮ ಸೆಕೆಗೆ ಇದು ಬೇಡ" ಎಂದು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಗಾಡಿ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಬೇಗ ಕೆಡುತ್ತದೆ.

ನಾಲ್ಕನೆಯದು ಸೋರಿಕೆ. ಬೆಳಿಗ್ಗೆ ಗಾಡಿಯ ಕೆಳಗೆ ಹಾಸಿದ ರಟ್ಟು ನೋಡಿ. ವಾಟರ್ ಪಂಪಿನ ಕೆಳಗೆ ಒಂದು ಪುಟ್ಟ ತೂತಿರುತ್ತದೆ, ಅಲ್ಲಿಂದ ಕೂಲೆಂಟ್ ಒಸರಿದ ಗೆರೆಯಿದ್ದರೆ ಪಂಪಿನ ಸೀಲ್ ಹೋಗಿದೆ. ಬರೀ ನಲ್ಲಿ ನೀರು ತುಂಬಿಸಿ ಓಡಿಸಿದ ಗಾಡಿಯಲ್ಲಿ ಒಳಗೆಲ್ಲ ತುಕ್ಕಿನ ರಾಡಿ ಕೂತಿರುತ್ತದೆ. ಹರಿಸಿ ತೆಗೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸಿ ಗಾಳಿಗುಳ್ಳೆ ಹೊರಗೆ ಹೋಗಲು ಬಿಡಿ.

ಇಷ್ಟರ ನಂತರವೇ ಹೆಡ್ ಗ್ಯಾಸ್ಕೆಟ್ ಮಾತು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಪೈಪು ಕಲ್ಲಿನಂತಾಗುವುದು, ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಆಯಿಲ್ ಡಿಪ್‌ಸ್ಟಿಕ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು, ಬಿಸಿಯಾದ ಮೇಲೂ ಬಿಳಿ ಹೊಗೆ ಬರುವುದು. ಇವುಗಳಲ್ಲಿ ಎರಡಾದರೂ ಇದ್ದರೆ ಹೆಡ್ ಇಳಿಸಲು ಒಪ್ಪಿ. ಇಳಿಸಿದ ಮೇಲೆ ಹೆಡ್‌ನ ಮುಖ ಸಮವಿದೆಯೇ ಎಂದು ಲೇತ್ ಅಂಗಡಿಯಲ್ಲಿ ನೋಡಿಸದೆ ಹೊಸ ಗ್ಯಾಸ್ಕೆಟ್ ಹಾಕಿಸಬೇಡಿ.

ಹೊಗೆ ಮತ್ತು ಆಯಿಲ್

ಕರಿ ಹೊಗೆ ಪೆಟ್ರೋಲ್ ಹೆಚ್ಚಾದದ್ದಕ್ಕೆ, ನೀಲಿ ಹೊಗೆ ಆಯಿಲ್ ಸುಡುವುದಕ್ಕೆ. ನೀಲಿಯಲ್ಲಿ ಎರಡು ಬಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸನೆ ಬಂದು ಆಮೇಲೆ ಇಲ್ಲವಾದರೆ ವಾಲ್ವ್ ಸೀಲ್ ಗಟ್ಟಿಯಾಗಿವೆ, ಅದು ಸಣ್ಣ ಕೆಲಸ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಖಚಿತಪಡಿಸಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರುಗಳ ನಡುವೆ ಶೇ. 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ತೋರಿಸಿದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಈ ಉತ್ತರ ಸಿಗುವ ಮೊದಲು ಬೋರಿಂಗ್ (ಸಿಲಿಂಡರ್ ಕೊರೆದು ಹಿಗ್ಗಿಸುವ) ಮಾತಿಗೆ ತಲೆಯಾಡಿಸಬೇಡಿ. ಓಡುವಾಗ ಆಯಿಲ್ ದೀಪ ಹತ್ತಿದರೆ ಮಾತ್ರ ಪತ್ತೆಗಿತ್ತೆ ಏನೂ ಬೇಡ, ಅಲ್ಲೇ ಎಂಜಿನ್ ಆರಿಸಿ.

ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲದ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದರೆ, ಬದಲಾಗಿಲ್ಲ ಎಂದೇ ತಿಳಿದು ಹೊಸದು ಹಾಕಿಸಿ. ಅದು ಹರಿಯುವ ಮುನ್ನ ಸೂಚನೆ ಕೊಡುವುದಿಲ್ಲ.

ಬ್ರೇಕ್

ಎಂಜಿನ್ ಆರಿಸಿ ಪೆಡಲ್ ಐದಾರು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು, ಇಳಿಯದಿದ್ದರೆ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಅಥವಾ ಅದರ ಪೈಪು ಕೆಟ್ಟಿದೆ. ಈಗ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ತಳಕ್ಕೆ ಹೋಗುತ್ತಿದ್ದು, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಹೋಗಿದೆ. ಸ್ಪಂಜಿನ ಹಾಗೆ ಅನ್ನಿಸಿದರೆ ಲೈನಿನಲ್ಲಿ ಗಾಳಿ ಸೇರಿದೆ.

ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆದರೆ ಮುಂದಿನ ಕ್ಯಾಲಿಪರಿನ ಪಿನ್ ಹಿಡಿದುಕೊಂಡಿದೆ. ಪ್ಯಾಡ್‌ಗಳ ದಪ್ಪ ಎಡಬಲ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಪಿನ್ ತೆಗೆದು ಉಜ್ಜಿ ಬ್ರೇಕ್ ಗ್ರೀಸ್ ಹಚ್ಚಿ. ಪ್ಯಾಡ್ 3 ಮಿಲಿಮೀಟರಿಗೆ ಬಂದರೆ ಎರಡೂ ಕಡೆಯವನ್ನು ಒಟ್ಟಿಗೆ ಬದಲಿಸಿ. ಹಿಂದಿನ ಡ್ರಮ್ ತೆಗೆದಾಗ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚು ಮೆಲ್ಲಗೆ ಎತ್ತಿ ನೋಡಿ, ಒಳಗೆ ಹಸಿಯಿದ್ದರೆ ಸಿಲಿಂಡರ್ ಸೋರುತ್ತಿದೆ. ಒಳಗಿನ ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರಿನಲ್ಲಾಗಲಿ ಊದಬೇಡಿ, ಹಳೇ ಲೈನರುಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡು ಕರಾವಳಿಯಲ್ಲಂತೂ ಇನ್ನೂ ಹೆಚ್ಚು. ತೇವ ಹೀರಿದ ಆಯಿಲ್ ಘಾಟಿ ಇಳಿಯುವಾಗ ಕುದಿದು ಗುಳ್ಳೆಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬನ್ನಿ, ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬ್ರೇಕ್ ಕೆಲಸ ಇದೇ ಮೊದಲ ಸಲವಾದರೆ ಬಲ್ಲವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ.

ಕೆಳಗಿನ ಸದ್ದುಗಳು

ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಮುಂದೆ ಹೋದಾಗ "ಟಕ ಟಕ ಟಕ" ಬಂದರೆ ಆಕ್ಸಲಿನ ಹೊರಗಿನ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಸಿಡಿದಿರುತ್ತದೆ. ಬೂಟ್ ಹರಿದ ಹೊಸದರಲ್ಲೇ ಕಂಡರೆ ಬೂಟ್ ಬದಲಿಸಿ ಗ್ರೀಸ್ ತುಂಬಿದರೆ ಸಾಕಾಗುತ್ತದೆ. ವೇಗ ಏರಿದ ಹಾಗೆ "ಊಂ" ಎನ್ನುವ ಗುನುಗು, ತಿರುವಿನಲ್ಲಿ ಹೆಚ್ಚು ಕಡಿಮೆಯಾದರೆ ವೀಲ್ ಬೇರಿಂಗ್. ಹಂಪಿನ ಮೇಲೆ "ಗಡ್" ಅಂದರೆ ಲೋಯರ್ ಆರ್ಮ್ ಬುಷ್ ಅಥವಾ ಸ್ಟ್ರಟ್ ಮೌಂಟ್.

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್. ಟೈರಿನ ಪಕ್ಕದ ನಾಲ್ಕಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು. ಹಳೇ ಕಾರು ಕಡಿಮೆ ಓಡುವುದರಿಂದ ಟೈರಿನ ಮೇಲಿನ ಬಟನ್ನುಗಳು ಚೆನ್ನಾಗೇ ಇರುತ್ತವೆ, ಪಕ್ಕದ ಗೋಡೆ ಮಾತ್ರ ಬಿರಿದಿರುತ್ತದೆ. ಅಂಥ ಟೈರು ಬೇಡ.

ಕ್ಲಚ್ ಜಾರುತ್ತಿದೆಯೇ ಎಂದು ನೋಡಲು ಸಮತಟ್ಟು ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ಆಫ್ ಆಗಬೇಕು. ಓಡುತ್ತಲೇ ಇದ್ದರೆ ಮೊದಲು ಕೇಬಲ್ ಅತಿಬಿಗಿಯಿದೆಯೇ ನೋಡಿ, ಆಮೇಲೆ ಪ್ಲೇಟ್.

ತುಕ್ಕು, ಇಲಿ, ಪಾರ್ಟು

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹರಿಯುವ ತೂತುಗಳಿರುತ್ತವೆ, ಮಳೆಗಾಲಕ್ಕೆ ಮುಂಚೆ ಪೊರಕೆ ಕಡ್ಡಿಯಲ್ಲಿ ಬಿಡಿಸಿ. ಕಾಲಡಿಯ ಮ್ಯಾಟ್ ಎತ್ತಿ ತಳ ಒಣಗಿಸಿ. ಜಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆಯ ಅಡಿ, ಇವೆರಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದರೆ ಟಿಂಕರಿಂಗ್ ತಡಮಾಡಬೇಡಿ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ಇದು ಇನ್ನೂ ಬೇಗ ಬರುತ್ತದೆ. ತೋಟದ ಮನೆಯಲ್ಲಿ ನಿಲ್ಲುವ ಕಾರಿಗೆ ಇಲಿಕಾಟ ತಪ್ಪಿದ್ದಲ್ಲ. ಹಠಾತ್ತಾಗಿ ಯಾವುದೋ ಒಂದು ವ್ಯವಸ್ಥೆ ಸತ್ತರೆ ಮೊದಲು ವೈರ್ ಕಚ್ಚಿದೆಯೇ ನೋಡಿ. ಎಂಜಿನ್ ಮೇಲೆ ಅಡಿಕೆ ಸಿಪ್ಪೆ, ಹತ್ತಿ ಕಂಡರೆ ಉತ್ತರ ಅಲ್ಲೇ ಇದೆ.

ಪಾರ್ಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬ್ರೇಕ್, ಸ್ಟೇರಿಂಗ್, ಟೈಮಿಂಗ್ ಬೆಲ್ಟ್, ಥರ್ಮೋಸ್ಟಾಟ್ ಅಸಲಿಯೇ ಬೇಕು. ಬಾಗಿಲ ಹಿಡಿ, ಕನ್ನಡಿ, ಸೀಟು, ಗ್ಲಾಸಿನ ಮೋಟರ್ ಇವಕ್ಕೆ ಗುಜರಿ ಸಾಮಾನು ಧಾರಾಳ ಸಾಕು. ಹೊಸ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ ಸುತ್ತಿದರೆ ನಿಂತುಹೋದ ಮಾಡೆಲಿನದ್ದೂ ಸಿಗುತ್ತದೆ. ಬಿಚ್ಚಿದ ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

15 ವರ್ಷ ತುಂಬುವ ಖಾಸಗಿ ಕಾರಿನ ಆರ್‌ಸಿ ನವೀಕರಣಕ್ಕೆ ಫಾರಂ 25 ಕೊಟ್ಟು ಗಾಡಿ ತೋರಿಸಬೇಕು, ಆಮೇಲೆ ಐದೈದು ವರ್ಷಕ್ಕೆ. ಲೈಟು, ಹಾರ್ನು, ಬ್ರೇಕು, ಹೊಗೆ, ಟೈರು ಇವುಗಳ ಕೆಲಸವನ್ನು ಆ ದಿನಕ್ಕೆ ಒಂದು ತಿಂಗಳು ಮುಂಚೆಯೇ ಮುಗಿಸಿಕೊಳ್ಳಿ.

ರಿಪೇರಿ ಮುಗಿದ ಮೇಲೆ ಮೊದಲ ಓಟ ಮನೆಯ ಸುತ್ತಮುತ್ತ ಐದು ಕಿಲೋಮೀಟರ್ ಸಾಕು. ವಾಪಸ್ ಬಂದು ಬಾನೆಟ್ ಎತ್ತಿ, ಕೈ ಹಾಕಿದ ಪ್ರತಿಯೊಂದು ಜಾಗವನ್ನೂ ಟಾರ್ಚ್ ಬಿಟ್ಟು ನೋಡಿ. ಚಕ್ರ ಬಿಚ್ಚಿದ್ದರೆ ಐವತ್ತು ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ನೋಟ್‌ಬುಕ್ಕಿನಲ್ಲಿ ತಾರೀಖು, ಮೀಟರ್ ಓದು, ಹಾಕಿದ ಪಾರ್ಟಿನ ನಂಬರ್ ಬರೆದು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಇಡಿ. ನಮ್ಮ ಪುಸ್ತಕದಲ್ಲಿ ರೇಡಿಯೇಟರ್ ಮುಚ್ಚಳದ ಪುಟಕ್ಕೆ ಕೆಂಪು ಶಾಯಿಯ ಗೆರೆ ಇದೆ, ಮೂರು ವರ್ಷಕ್ಕೊಮ್ಮೆ ಆ ಮುಚ್ಚಳವನ್ನು ಬದಲಿಸುತ್ತೇನೆ.